ಕೊಬ್ಬರಿ ಎಣ್ಣೆಯ ಮೇರಿಯಮ್ಮ

ನನ್ನ ಸೋದರಮಾವ ಅಂದಾನಪ್ಪ ಶಿರಸಿಯಲ್ಲಿ ಬೋರ್ಡು ಬರೆಯುವವನು. ಕಿರಾಣಿ ಅಂಗಡಿಯ ಹೆಸರು, ದರ್ಜಿ ಅಂಗಡಿಯ ಹೆಸರು, ಎತ್ತಿನ ಗಾಡಿಯ ನಂಬರು, ಊರಿನ ಅರ್ಧ ಅಕ್ಷರಗಳು ಅವನ ಕೈಯವೇ. ಡಬ್ಬಿಯ ಬಣ್ಣದಲ್ಲಿ ಬೆಳಿಗ್ಗೆ ಬರೆದದ್ದು ಸಂಜೆಗೆ ಒಣಗುತ್ತಿತ್ತು. ಆದರೆ ಅವನಿಗೆ ಅಕ್ಷರ ಸಾಕಾಗಿತ್ತು, ಮನುಷ್ಯರ ಮುಖ ಬರೆಯಬೇಕಿತ್ತು.

೧೯೫೮ರ ದಸರೆ ಮುಗಿದ ಮೇಲೆ (ಅತ್ತೆ ೧೯೫೭ ಅನ್ನುತ್ತಾಳೆ, ಅದು ತಪ್ಪು) ಯಲ್ಲಾಪುರದಲ್ಲಿ ವಯಸ್ಸಾದ ಪಾದ್ರಿಯೊಬ್ಬರಿಗೆ ಬೋರ್ಡು ಬರೆಯಲು ಹೋದ. ಅವರ ಕೋಣೆಯಲ್ಲಿ ಮಗುವನ್ನೆತ್ತಿಕೊಂಡ ಮೇರಿಯಮ್ಮನ ಪಟವಿತ್ತು. ಇಟಲಿಯ ದೊಡ್ಡ ಚಿತ್ರಕಾರನೊಬ್ಬ ನಾನೂರು ವರ್ಷಗಳ ಹಿಂದೆ ಬರೆದ ಚಿತ್ರದ ಅಚ್ಚು ಅದು. ಪಾದ್ರಿಗಳು ಪ್ರಾಯದಲ್ಲಿ ಎಣ್ಣೆ ಬಣ್ಣದ ಚಿತ್ರ ಕಲಿತವರೆಂದು ತಿಳಿದದ್ದೇ ಮಾವ "ನನಗೂ ಕಲಿಸ್ರಿ" ಎಂದು ಬೆನ್ನು ಬಿದ್ದ.

ಪಾದ್ರಿಗಳು ಪಟವನ್ನು ಅವನ ಕೈಗಿತ್ತರು. "ಮೊದಲು ಇದನ್ನು ನೋಡಿ ಬರೆದು ತನ್ನಿ. ಬಣ್ಣದ ಪುಡಿಯನ್ನು ಎಣ್ಣೆಯಲ್ಲಿ ಕಲಸಿಕೊಳ್ಳಿ. ಕ್ರಿಸ್‌ಮಸ್ಸಿನ ಒಳಗೆ ಬರಬೇಕು. ನಿಮಗೆ ಕೈ ಉಂಟು ಅಂತ ಕಂಡರೆ ಕಲಿಸ್ತೇನೆ. ಇಲ್ಲದಿದ್ದರೆ ನೀವು ಬೋರ್ಡು, ನಾನು ಪ್ರಾರ್ಥನೆ."

ಯಾವ ಎಣ್ಣೆ ಎಂದು ಅವರು ಹೇಳಲಿಲ್ಲ, ಮಾವ ಕೇಳಲಿಲ್ಲ.

ಮನೆಗೆ ಬಂದು ಮಾವ ಯೋಚಿಸಿದ. ಶೇಂಗಾ ಎಣ್ಣೆ ಹಳದಿ, ಎಳ್ಳೆಣ್ಣೆ ಇನ್ನೂ ಕೆಂಪು. ನೀರಿನ ಹಾಗೆ ತಿಳಿಯಾಗಿರುವುದು ಕೊಬ್ಬರಿ ಎಣ್ಣೆ. ಅದರಲ್ಲೇ ಬಣ್ಣ ಕಲಸಿ ಹಲಗೆಯ ಮೇಲೆ ಬರೆಯತೊಡಗಿದ. ನಾನು ಆಗಷ್ಟೇ ಸಾಲೆ ಬಿಟ್ಟು ಅವರ ಮನೆಯಲ್ಲಿದ್ದೆ, ಹೀಗಾಗಿ ದಿನವೂ ನೋಡಿದೆ. ಮೊದಲ ಮುಖದ ಸುತ್ತ ರೂಢಿಯಂತೆ ಕಪ್ಪು ಗೆರೆ ಎಳೆದುಬಿಟ್ಟ.

"ಗಾಡಿ ನಂಬರ್ ಇದ್ದಂಗ ಐತಿ," ಅಂದಳು ಅತ್ತೆ ಸಿದ್ದವ್ವ.

ಮಾವ ಒರೆಸಿ ಮತ್ತೆ ಬರೆದ. ಮರುದಿನವೂ ಚಿತ್ರ ಹಸಿಯಾಗಿಯೇ ಇತ್ತು, ಕಣ್ಣು ಓರೆ ಕಂಡಿತು, ಒರೆಸಿದ. ಅದರ ಮರುದಿನ ಮೂಗು. ವಾರ ಕಳೆದರೂ ಒಣಗದಿದ್ದಾಗ, "ದೊಡ್ಡ ಚಿತ್ರ, ನಿಧಾನ ಒಣಗತೈತಿ," ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಅತ್ತೆ ಖಾಲಿ ಬಾಟಲಿ ಎತ್ತಿ ತೋರಿಸಿದಳು. "ನನ್ನ ತಲಿಗೆ ಒಂದ್ ಹನಿ ಎಣ್ಣಿ ಇಲ್ಲ, ನಿಮ್ಮ ಮೇರಿಯವ್ವಗ ದಿನಾ ಅಭ್ಯಂಜನ!"

ಡಿಸೆಂಬರ್ ಇಪ್ಪತ್ತೆರಡಕ್ಕೆ ಚಳಿ ಜೋರಾಯಿತು. ಬೆಳಿಗ್ಗೆ ಎದ್ದು ಮಾವ ಹಲಗೆ ಮುಟ್ಟಿ ನೋಡಿದ. ಗಟ್ಟಿ! ಅತ್ತೆ ಬೆರಳಿಟ್ಟಳು, ನಾನೂ ಇಟ್ಟೆ. ಬೆರಳಿಗೆ ಬಣ್ಣ ಹತ್ತಲಿಲ್ಲ. ಮಾವ ಪಟವನ್ನೂ ಬಣ್ಣದ ಬಟ್ಟಲುಗಳನ್ನೂ ಚೀಲಕ್ಕೆ ಹಾಕಿಕೊಂಡು ಮೊದಲ ಬಸ್ಸಿಗೇ ಹೊರಟ. ಚಳಿಗೆ ಬಾಟಲಿಯ ತಳದ ಎಣ್ಣೆಯೂ ಹೆಪ್ಪುಗಟ್ಟಿದ್ದನ್ನು ಅತ್ತೆ ನೋಡುವಷ್ಟರಲ್ಲಿ ಬಸ್ಸು ಹೋಗಿಯಾಗಿತ್ತು.

ಮುಂದಿನದು ಮಾವ ಹೇಳಿದ್ದು. ಮಂಚಿಕೇರಿ ದಾಟುವಾಗ ಕಿಟಕಿಯಿಂದ ಬಿಸಿಲು ನೇರ ಚಿತ್ರದ ಮೇಲೆ ಬಿತ್ತು. ಪಕ್ಕದಲ್ಲಿದ್ದ ಸೀತಾರಾಮ ಹೆಗಡೆ ಎಂಬವರು ಬಗ್ಗಿ ನೋಡಿದರು. "ಎಂತದೋ ಮಾರಾಯ, ನಿನ್ನ ಅಮ್ಮನವರು ಬೆವರ್ತಾ ಇದ್ದಾರಲ್ಲ!"

ಯಲ್ಲಾಪುರದಲ್ಲಿ ಇಳಿಯುವಾಗ ಮೇರಿಯಮ್ಮನ ಮೂಗು ಗದ್ದಕ್ಕೆ ಬಂದಿತ್ತು, ಮಗುವಿಗೆ ಗಡ್ಡ ಮೂಡಿತ್ತು.

ಪಾದ್ರಿಗಳು ಹಲಗೆ ನೋಡಿ, ಮಾವನನ್ನು ನೋಡಿ, ಮತ್ತೆ ಹಲಗೆ ನೋಡಿದರು. "ಮುಖ ಎಲ್ಲಿ?"

"ದಾರ್ಯಾಗ ಇಳೀತ್ರಿ." ಪಾದ್ರಿಗಳು ನಗಲು ಬಾಯಿ ತೆರೆಯುವ ಮೊದಲೇ ಮಾವ ಅಂದ, "ಒಂದ್ ತಾಸು ಕೊಡ್ರಿ, ಅಷ್ಟ ಸಾಕು."

ಬಟ್ಟೆಯಿಂದ ಎರಡೂ ಮುಖ ಒರೆಸಿದ. ಅಲ್ಲೇ ಜಗಲಿಯ ಮೇಲೆ ಕೂತು, ಕರಗಿದ ಬಣ್ಣ ಕದಡಿ, ಹಣೆಯಿಂದ ಶುರುಮಾಡಿದ. ಪಾದ್ರಿಗಳು ಕುರ್ಚಿ ಎಳೆದುಕೊಂಡು ಕೂತರು. ಕಣ್ಣು ಬಂತು, ಮೂಗು ಬಂತು, ತುಟಿಯ ಕೆಳಗಿನ ಸಣ್ಣ ನೆರಳೂ ಬಂತು.

"ಪಟ ಚೀಲದಲ್ಲೇ ಉಂಟಲ್ಲ. ಅದನ್ನು ನೋಡುವುದಿಲ್ಲವಾ?"

"ಅರವತ್ತ್ ಸಲ ಒರಸಿ ಬರದೇನ್ರಿ. ಈಗ ಕೈಗೇ ಗೊತ್ತೈತಿ." (ನಾನು ಎಣಿಸಿದ್ದು ಮೂವತ್ತೊಂದು.)

ಪಾದ್ರಿಗಳು ಎದ್ದು ಒಳಗೆ ಹೋಗಿ ಸಣ್ಣ ಬಾಟಲಿಯೊಂದನ್ನು ತಂದು ಮಾವನ ಮುಂದಿಟ್ಟರು. "ಇದು ಅಗಸೆ ಎಣ್ಣೆ. ಗುರುವಾರ ಗುರುವಾರ ಬನ್ನಿ. ಇದರಲ್ಲಿ ಬರೆದದ್ದು ಒಣಗುತ್ತದೆ. ಒಣಗಿದ ಮೇಲೆ ಒರೆಸಲಿಕ್ಕೆ ಬರುವುದಿಲ್ಲ."

ಮಾವ ಗಾಬರಿಯಾದ. "ಒರಸಾಕ ಬರೂದಿಲ್ಲೇನ್ರಿ? ಮತ್ತ ಕಲಿಯೂದ್ ಹೆಂಗ್ರಿ?"