ಬಾಗಕ್ಕ ಆರಿಸಿದ ಸ್ಟೀಮರ್

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಕಡೆ ಪ್ರೇಮನಾಥ ಎಂಬವರದೊಂದು ದೊಡ್ಡ ಅಡುಗೆಮನೆ ಇದೆ. ಸುತ್ತಲಿನ ಕಾರ್ಖಾನೆಗಳ ಕ್ಯಾಂಟೀನಿಗೆ ತಿಂಡಿ ಹೋಗುವುದು ಅಲ್ಲಿಂದಲೇ. ಇಡ್ಲಿಯ ಜವಾಬ್ದಾರಿ ಬಾಗಿಯದು. ಕಾರ್ಕಳದ ಕಡೆಯವಳು, ಗಂಡ ತೀರಿಕೊಂಡ ಮೇಲೆ ಹದಿನೆಂಟು ವರ್ಷದಿಂದ ಅಲ್ಲಿಯೇ ಹಿಟ್ಟು ಹೊಯ್ಯುತ್ತ, ತಟ್ಟೆ ಇಳಿಸುತ್ತ ಬಂದವಳು. ಅವಳ ಕೈಕೆಳಗೆ ನಾಲ್ವರು ಹೆಂಗಸರು. ಅವರಲ್ಲಿ ಸುಲೋಚನಾ ಕಲಬುರಗಿಯವಳು, ಕಲ್ಯಾಣದ ಚಾಳಿನ ಒಂದು ಕೋಣೆಯಲ್ಲಿ ವಾಸ. ಕಟ್ಟಡದ ಕೆಲಸ ಬಿಡಿಸಿ ಅವಳನ್ನು ಇಲ್ಲಿಗೆ ಕರೆತಂದವಳು ಬಾಗಿಯೇ.

ಹಳೆಯ ಸ್ಟೀಮರ್ ಎಂದರೆ ಆಳೆತ್ತರದ ಸ್ಟೀಲ್ ಕಪಾಟು. ಕೆಳಗೆ ಕುದಿಯುವ ನೀರು, ಮೇಲೆ ಸಾಲಾಗಿ ತಟ್ಟೆಗಳು. ಉಗಿ ಬಿಡುವ ವಾಲ್ವ್ ಕಟ್ಟಿಕೊಳ್ಳುತ್ತಿದೆ ಎಂದು ಬಾಗಿ ಎರಡು ಸಲ ಧಣಿಗೆ ಹೇಳಿದ್ದಳು. ಮೂರನೆಯ ಸಲ ಹೇಳಲಿಲ್ಲ. ಆಗಸ್ಟಿನ ಒಂದು ಮಧ್ಯಾಹ್ನ ಸುಲೋಚನಾ ಚಿಲಕ ತೆಗೆದದ್ದೇ ತಡ, ಬಾಗಿಲು ದೂಡಿಕೊಂಡು ನುಗ್ಗಿದ ಉಗಿ ಅವಳ ಬಲಗೈ, ಕುತ್ತಿಗೆ, ಕೆನ್ನೆಯನ್ನು ಬೇಯಿಸಿಬಿಟ್ಟಿತು. ಬಳೆ ಬಿಡಿಸಲು ಹೋದ ಬಾಗಿಯ ಕೈಗೆ ಬಳೆಯ ಜೊತೆ ಚರ್ಮವೂ ಬಂತು.

ಮರುವಾರ ಪ್ರೇಮನಾಥರು, "ಬಾಗಕ್ಕ, ಹೊಸದು ತೆಗೆಯುವ. ನೀವೇ ಬಂದು ನೋಡಿ, ನೀವು ಹೇಳಿದ್ದೇ ಆಗಲಿ" ಎಂದರು.

ಠಾಣೆಯ ಅಂಗಡಿಯಲ್ಲಿ ಎರಡು ಸ್ಟೀಮರ್ ಇದ್ದವು. ಒಂದು ಹಳೆಯದರಂಥದೇ, ವಾಲ್ವ್ ಮಾತ್ರ ಹೊಸ ತರಹದ್ದು. ಇನ್ನೊಂದಕ್ಕೆ ಬಾಯ್ಲರ್ ಬೇರೆಯೇ ಇತ್ತು. ಹಿಡಿ ತಿರುಗಿಸಿದರೆ ಉಗಿ ನಿಂತು, ಒಳಗಿದ್ದದ್ದು ಕೊಳವೆಯಲ್ಲಿ ಹೊರಗೆ ಹೋದ ಮೇಲೆಯೇ ಬಾಗಿಲು ತೆರೆಯುತ್ತಿತ್ತು. ತಟ್ಟೆಗಳೆಲ್ಲ ಗಾಲಿಯ ಸ್ಟ್ಯಾಂಡಿನಲ್ಲಿ ಒಟ್ಟಿಗೇ ಹೊರಬರುತ್ತಿದ್ದವು. ಬಾಗಿ ಅದನ್ನು ನಡೆಸಿ ತೋರಿಸಲು ಹೇಳಿ, ಬಾಗಿಲೆದುರು ಅಂಗೈ ಒಡ್ಡಿ ನಿಂತಳು. ಬೆಚ್ಚಗಿನ ಗಾಳಿ, ಅಷ್ಟೆ.

"ಇದಕ್ಕೆ ಇಬ್ಬರು ಸಾಕು, ಮೌಸಿ," ಎಂದ ಮಾರುವವನು ಹಿಂದಿಯಲ್ಲಿ.

ಐವರಲ್ಲಿ ಮೂವರು ಹೊರಗೆ ಎಂದು ಅವಳಿಗೆ ಅರ್ಥವಾಯಿತು. ಮೊದಲನೆಯದರ ಬಾಗಿಲನ್ನು ಮತ್ತೊಮ್ಮೆ ಎಳೆದು ನೋಡಿದಳು. ತೆರೆದರೆ ಉಗಿ ನೇರ ಮುಖಕ್ಕೇ.

"ಎರಡನೆಯದೇ ತೆಗೆಯಿರಿ ಧಣಿ. ಆದರೆ ಸುಲೋಚನೆಗೆ ಕೆಲಸ ಉಂಟಲ್ಲ?"

"ಅದು ಆಮೇಲೆ ನೋಡುವ."

ನವೆಂಬರಿನಲ್ಲಿ ಸ್ಟೀಮರ್ ಬಂತು. ಪ್ರೇಮನಾಥರು ಬಾಗಿಯ ಜೊತೆ ಆ ನಾಲ್ವರಲ್ಲಿ ದಿಶಾ ಎಂಬ ಗಟ್ಟಿಮುಟ್ಟಾದ ಹುಡುಗಿಯನ್ನು ಮಾತ್ರ ಉಳಿಸಿಕೊಂಡರು.

"ಸುಲೋಚನೆಯನ್ನು ತರಕಾರಿ ಹೆಚ್ಚಲಿಕ್ಕಾದರೂ ಇಡಿ," ಎಂದಳು ಬಾಗಿ.

"ಆ ಕೈಯಲ್ಲಿಯಾ? ಕೆಲಸ ಇಲ್ಲ ಎಂದು ನೀವೇ ಹೋಗಿ ಹೇಳಿ, ಬಾಗಕ್ಕ."

ಹಾಗಾದರೆ ನಾನೂ ಕೆಲಸ ಬಿಡುತ್ತೇನೆ ಎಂಬ ಮಾತು ಅವಳ ಬಾಯಿಯವರೆಗೆ ಬಂತು. ಹೊರಗೆ ಬರಲಿಲ್ಲ.

ಭಾನುವಾರ ಬಾಗಿ ಕಲ್ಯಾಣಕ್ಕೆ ಹೋದಾಗ ಸುಲೋಚನಾ ಬಟ್ಟೆಯ ಉಂಡೆ ಹಿಡಿದು ಬೆರಳು ಮಡಚುವುದನ್ನು ಕಲಿಯುತ್ತಿದ್ದಳು.

"ನೋಡ್ರಿ ಅಕ್ಕಾ, ಈಗ ಇಷ್ಟು ಮಡಚ್ತದ. ಸೋಮವಾರದಿಂದ ಬರ್ಲೇನು?"

ಬಾಗಿ ವಿಷಯ ಹೇಳಿದಳು. ಸುಲೋಚನಾ ಬಟ್ಟೆಯ ಉಂಡೆಯನ್ನು ಬದಿಗಿಟ್ಟು, "ಹೊಸಾ ಮಷೀನ ಯಾರು ಆರಿಸಿದ್ರು?" ಎಂದಳು.

"ನಾನೇ. ಇನ್ನು ಯಾರಿಗೂ ಸುಡುವುದಿಲ್ಲ."

"ಹಳೇದು ಕೆಟ್ಟದ ಅಂತ ನಿಮಗ ಗೊತ್ತಿತ್ತೇನು?"

"ಧಣಿಗೆ ಎರಡು ಸಲ ಹೇಳಿದ್ದೆ."

"ಬಾಗಲಾ ತಗೀತಿದ್ದಾಕಿ ನಾ, ಅಕ್ಕಾ. ನನಗ್ಯಾಕ ಹೇಳ್ಲಿಲ್ಲ?"

ಹೆದರಿ ಯಾರೂ ಬಾಗಿಲು ತೆರೆಯದೆ ಹೋದರೆ ಕೆಲಸ ನಿಲ್ಲುತ್ತದೆ ಎಂದು ಆಗ ಬಾಗಿಗೆ ಅನ್ನಿಸಿತ್ತು. ಸುಲೋಚನಾ ಎಡಗೈಯಲ್ಲೇ ಚಹಾ ಮಾಡಿಕೊಟ್ಟಳು.

ಈಗ ಸುಲೋಚನಾ ಭಿವಂಡಿಯ ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತಾಳಂತೆ. ಸೆಖೆಗೆ ಬೆವರಿದರೆ ಸುಟ್ಟ ಚರ್ಮ ಉರಿಯುತ್ತದೆ, ಆಗಾಗ ರಜೆ ಹಾಕುತ್ತಾಳೆ ಎಂದು ಅದೇ ಚಾಳಿನವರೊಬ್ಬರು ಹೇಳಿದರು. ಬಾಗಿ ಮೂರು ಸಲ ಫೋನ್ ಮಾಡಿದಳು. ಸುಲೋಚನಾ ಎತ್ತಲಿಲ್ಲ.