ಬಿಸ್ಕತ್ತಿನ ಬೆಣ್ಣೆಗೆ ನಾನು ಬೆರೆಸಿದ್ದು

ಕೀಮೋ ಶುರುವಾದ ಮೇಲೆ ನನ್ನ ಹೆಂಡತಿಗೆ ಅನ್ನ, ಸಾರು, ಮೊಸರು ಎಲ್ಲವೂ ಕಬ್ಬಿಣ ನೆಕ್ಕಿದ ಹಾಗೆ. ಬಾಯಿಗೆ ಸೇರುತ್ತಿದ್ದದ್ದು ಒಂದೇ: ಸಕ್ಕರೆ ಕಂದಿಸಿ ಮಾಡಿದ ಬಿಸ್ಕತ್ತನ್ನು ನುಣ್ಣಗೆ ಅರೆದು ತಯಾರಿಸುವ, ಬ್ರೆಡ್ಡಿಗೆ ಸವರಿಕೊಳ್ಳುವ ಒಂದು ಸಿಹಿ ಬೆಣ್ಣೆ. ದಿನಕ್ಕೆ ನಾಲ್ಕು ಚಮಚ. ತೂಕ ಇನ್ನೂ ಇಳಿದರೆ ಹೊಟ್ಟೆಗೆ ಟ್ಯೂಬ್ ಹಾಕಿ ಅದರಲ್ಲೇ ಆಹಾರ ಕೊಡಬೇಕಾಗುತ್ತದೆ ಎಂದು ನಾವಿರುವ ಊರು ಬ್ರಿಡ್ಜ್‌ವಾಟರ್‌ನ ಡಾಕ್ಟರು ಹೇಳಿದ್ದರು. ಹಾಗಾಗಿ ಆ ನಾಲ್ಕು ಚಮಚದ ಮೇಲೆ ಮನೆ ನಿಂತಿತ್ತು.

ಸುಮ್ಮನಿರುವುದು ನನ್ನ ಜಾಯಮಾನವಲ್ಲ. ಅದರ ಮೂಲ ಹುಡುಕಿದೆ. ಬೆಲ್ಜಿಯಂನಲ್ಲಿ ಕೆಲಸಕ್ಕೆ ಹೋಗುವವರು ಬೆಳಿಗ್ಗೆ ಬೆಣ್ಣೆ ಸವರಿದ ಬ್ರೆಡ್ಡಿನ ನಡುವೆ ಈ ಬಿಸ್ಕತ್ತು ಇಟ್ಟು ಊಟದ ಡಬ್ಬಿಗೆ ಹಾಕಿಕೊಳ್ಳುತ್ತಿದ್ದರಂತೆ. ಮಧ್ಯಾಹ್ನದ ಹೊತ್ತಿಗೆ ಅದು ತಾನಾಗಿಯೇ ಕರಗಿ ಮುದ್ದೆಯಾಗಿರುತ್ತಿತ್ತಂತೆ. ಆ ರುಚಿಯನ್ನು ಆಮೇಲೆ ಯಾರೋ ಬಾಟಲಿಗೆ ತುಂಬಿ, ಹೊಸದಾಗಿ ಏನಾದರೂ ಕಂಡುಹಿಡಿದವರ ಟಿವಿ ಸ್ಪರ್ಧೆಗೆ ಒಯ್ದರಂತೆ. ಇದನ್ನೆಲ್ಲ ಹೆಂಡತಿಗೆ ಓದಿ ಹೇಳಿದೆ.

"ಅವ್ರು ಡಬ್ಬಿ ಮುಚ್ಚಿಟ್ಟು ಕೆಲ್ಸ ನೋಡ್ಕೊಂಡ್ರು. ನೀವಾಗಿದ್ರೆ ಹತ್ತು ಗಂಟೆಗೊಂದ್ಸಲ, ಹನ್ನೊಂದಕ್ಕೊಂದ್ಸಲ ಬಿಚ್ಚಿ ನೋಡಿ, ಅದನ್ನ ಕರಗೋಕೂ ಬಿಡ್ತಿರ್ಲಿಲ್ಲ," ಎಂದಳು. ಆ ವಾರ ಅವಳು ನಕ್ಕಿದ್ದು ಅದೊಂದೇ ಸಲ.

ನನ್ನ ತಲೆಗೆ ಹೋದದ್ದು ಬೇರೆ. ಇಷ್ಟು ಸುಲಭವಾದರೆ ಮನೆಯಲ್ಲೇ ಮಾಡಬಹುದು, ಪುಷ್ಟಿಯನ್ನೂ ಸೇರಿಸಬಹುದು. ಬಿಸ್ಕತ್ತನ್ನು ಮಿಕ್ಸಿಗೆ ಹಾಕಿದೆ. ಬಾಣಂತಿಗೆ ಬಡಿಸುವ ಹಾಗೆ ತುಪ್ಪ ಸುರಿದೆ. ಡಯಟೀಶಿಯನ್ ಹೇಳಿದ್ದ ಪ್ರೋಟೀನ್ ಪೌಡರ್ ಹಾಕಿದೆ, ಅದರ ವಾಸನೆ ಮುಚ್ಚಲು ಏಲಕ್ಕಿ. ಅರ್ಧ ಖಾಲಿಯಾಗಿದ್ದ ಅಂಗಡಿ ಬಾಟಲಿಯಲ್ಲೇ ಎಲ್ಲವನ್ನೂ ಕಲಸಿಟ್ಟೆ. ಹೇಳಲಿಲ್ಲ. ಮಗಳು ಚಿಕ್ಕವಳಿದ್ದಾಗ ಚಪಾತಿ ಹಿಟ್ಟಿನಲ್ಲಿ ಪಾಲಕ್ ಅಡಗಿಸಿ ಗೆದ್ದಿದ್ದೆ, ಅದೇ ಧೈರ್ಯ.

ಮೊದಲ ಚಮಚಕ್ಕೇ ಅವಳು ಸಿಂಕಿಗೆ ಓಡಿ ಎಲ್ಲವನ್ನೂ ಕಕ್ಕಿದಳು.

"ಏನ್ ಹಾಕಿದ್ರಿ? ನಿಜ ಹೇಳಿ."

"ಸ್ವಲ್ಪ ತುಪ್ಪ... ಸ್ಟ್ರೆಂತ್ ಬರ್ಲಿ ಅಂತ."

"ನಂಗೆ ಉಳಿದಿದ್ದು ಇದೊಂದೇ ಕಣ್ರೀ."

ಹೊಸ ಬಾಟಲಿ ತಂದೆ. ಅವಳ ಕಣ್ಣೆದುರೇ ಸೀಲ್ ಒಡೆದೆ. ಮುಚ್ಚಳ ತೆಗೆದಾಗ ಬಂದ ವಾಸನೆಗೇ ಅವಳಿಗೆ ಓಕರಿಕೆ. ಚಿಕಿತ್ಸೆಯ ಸಮಯದಲ್ಲಿ ಒಮ್ಮೆ ವಾಂತಿ ಮಾಡಿಸಿದ ತಿಂಡಿ ಮತ್ತೆ ಸೇರುವುದು ಕಷ್ಟ ಎಂದು ನರ್ಸ್ ಹೇಳಿದಳು. ನಾನು ಅದನ್ನೂ ಫೋನಿನಲ್ಲಿ ಬರೆದುಕೊಂಡೆ, ಉಪಯೋಗಕ್ಕೆ ಬರುತ್ತದೆ ಎನ್ನುವವನ ಹಾಗೆ.

ಗುರುವಾರ ತೂಕ ನೋಡಿದರು. ಟ್ಯೂಬ್ ಹಾಕಲು ಸೋಮವಾರಕ್ಕೆ ಅಪಾಯಿಂಟ್‌ಮೆಂಟ್ ಕೊಟ್ಟರು. ವಾಪಸ್ ಡ್ರೈವ್ ಮಾಡುತ್ತ ನಾನು ಕ್ಷಮೆ ಕೇಳಲು ಮಾತು ಜೋಡಿಸಿಕೊಳ್ಳುತ್ತಿದ್ದೆ. ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು:

"ಇನ್ಮೇಲೆ ಏನ್ ಬೇಕಾದ್ರೂ ಸೇರ್ಸಿ. ನಂಗೆ ರುಚಿ ಗೊತ್ತಾಗಲ್ಲ."

ತಮಾಷೆಗೆ ಹೇಳಿದಳೇನೋ ಎಂದು ಹೆದ್ದಾರಿಯ ಎರಡು ಎಕ್ಸಿಟ್ ದಾಟುವವರೆಗೂ ಕಾದೆ. ಅವಳು ನಗಲಿಲ್ಲ.