ಮುಚ್ಚಿದ ಮುಷ್ಟಿ

ಮಿಸಿಸಿಪ್ಪಿ ಬಯಲಿನ ಹತ್ತಿ ತೋಟಗಳಲ್ಲೆಲ್ಲ ರೂಫಸ್ ಟಾರ್ಪ್ಲಿಯಂಥ ಗಿಟಾರಿನವನು ಇನ್ನೊಬ್ಬನಿರಲಿಲ್ಲ. ಶನಿವಾರ ತನ್ನ ಕರಿಯ ಜನರ ನಡುವೆ ಬ್ಲೂಸ್ ಎಂಬ ನೋವಿನ ಹಾಡು ಹಾಡಿ ಅಳಿಸುತ್ತಿದ್ದ, ಭಾನುವಾರ ಚರ್ಚಿನಲ್ಲಿ ಭಜಿಸುತ್ತಿದ್ದ, ಬಿಳಿಯರು ಕುಣಿಯುವ ಮಟ್ಟುಗಳೂ ಅವನ ಬೆರಳ ತುದಿಯಲ್ಲಿದ್ದವು. ಅದೇ ಅವನಿಗೆ ಉರುಳಾಯಿತು. ತೋಟದ ಧಣಿ ಗ್ರೇಡಿ ಅವನನ್ನು ಪಳಗಿಸಿದ ಕರಡಿಯಂತೆ ನೆಂಟರಿಗೆಲ್ಲ ತೋರಿಸತೊಡಗಿದ. ಕರೆದೊಯ್ಯಲು ಧಣಿಯ ಕಾರು ಬಂತೆಂದರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ಏಳಬೇಕು. ಷಿಕಾಗೋ ರೈಲು ಹತ್ತಲು ಹೋದವನನ್ನು ಧಣಿಯ ಆಳುಗಳು ನಿಲ್ದಾಣದಿಂದಲೇ ಎಳೆದು ತಂದಿದ್ದರು.

ತನ್ನ ಹಸುಗೂಸನ್ನು ಮಣ್ಣು ಮಾಡಿ ಬಂದ ದಿನವೂ ಕಾರು ಬಂತು. ಅತಿಥಿಗಳು ನಗೆಹಾಡು ಕೇಳಿದರು. ಹಾಡಿದ.

ಆ ವಾರವೇ ಹತ್ತಿ ಯಂತ್ರಕ್ಕೆ ಎಡಗೈ ಸಿಕ್ಕಿ ಚರ್ಮ ಕಿತ್ತುಬಂತು. ಗಾಯ ಮಾಯ್ದರೂ ರೂಫಸ್ ಮುಷ್ಟಿ ಬಿಚ್ಚಲಿಲ್ಲ, ಬೆರಳು ಸೆಟೆದುಹೋಗಿವೆ ಎಂದ. ಧಣಿ ಉರಿಯುವ ಚುಟ್ಟ ಒತ್ತಿ ನೋಡಿದ. ರೂಫಸ್ ಚೀರಿದ, ಬೆರಳು ಮಾತ್ರ ಬಿಡಿಸಲಿಲ್ಲ. ಕಾರು ಬರುವುದು ನಿಂತಿತು.

ಕೈ ನೆಟ್ಟಗೇ ಇದೆಯೆಂಬ ಗುಟ್ಟು ಗೊತ್ತಿದ್ದದ್ದು ಹೆಂಡತಿ ಓಡೆಸ್ಸಾಗೆ ಮಾತ್ರ. "ಧಣಿ ಕೈಯಿಂದ ತಪ್ಪಿಸ್ಕೊಂಡು ನಿನ್ ಕೈಯೊಳಗೇ ಸಿಕ್ಕಾಕ್ಕೊಂಡ್ಯಲ್ಲೋ," ಎನ್ನುತ್ತಿದ್ದಳು. ಯಾರು ಯಾವಾಗ ನೋಡುತ್ತಾರೋ ಎಂದು ಅವನು ನಿದ್ದೆಯಲ್ಲೂ ಮುಷ್ಟಿ ಸಡಿಲಿಸುತ್ತಿರಲಿಲ್ಲ. ಹೀಗೆ ವರ್ಷಗಳೇ ಕಳೆದವು.

ಒಂದು ಶನಿವಾರ ಸಂಜೆ ತೋಟದ ಕೂಲಿಯವರು ಸೇರಿದ್ದಲ್ಲಿಗೆ ಊರೂರು ಸುತ್ತುವ ಹಾಡುಗಾರ ಕ್ಲೀವನ್ ಬಂದು, ರೂಫಸ್ ಕಟ್ಟಿದ ಹಾಡನ್ನೇ ತನ್ನದೆಂದು ಹೇಳಿ ಹಾಳು ಮಾಡಿ ಹಾಡಿದ.

"ಹಾಗಲ್ಲವೋ ಅದು," ಎಂದ ರೂಫಸ್.

"ಮೊಂಡುಗೈ ಮಾವ, ನೀನೇ ಬಾರಿಸಿ ತೋರ್ಸು ಹಂಗಾದ್ರೆ!" ಜನ ಗೊಳ್ಳೆಂದರು.

ರೂಫಸ್ ಗಿಟಾರು ಕಿತ್ತುಕೊಂಡ. ಮುಷ್ಟಿ ಬಿಚ್ಚಲು ನೋಡಿದ. ಬಿಚ್ಚಲಿಲ್ಲ. ಮರದ ಬೇರಿನಂತೆ ಹೆಣೆದುಕೊಂಡಿದ್ದ ಬೆರಳುಗಳು ನಿಜಕ್ಕೂ ಅಲುಗಲಿಲ್ಲ. ಅವನ ಮುಖ ನೋಡಿಯೇ ಓಡೆಸ್ಸಾಗೆ ಅರ್ಥವಾಯಿತು. ಅಲ್ಲೇ ಮೀನು ಸೀಳುತ್ತಿದ್ದ ಚಾಕುವನ್ನು ಲಂಗಕ್ಕೆ ಒರೆಸಿ, ಆ ಮುಷ್ಟಿಯೊಳಗೆ ತುರುಕಿದಳು. "ಹೂಂ, ಹಾಡು."

ಬಲಗೈ ಮೀಟಿದಂತೆ ಚಾಕುವಿನ ಬೆನ್ನು ತಂತಿಯ ಮೇಲೆ ಜಾರಿತು. ಕೂಸು ಬಿಕ್ಕಿದಂಥ ಸ್ವರ. ಕ್ಲೀವನ್ ಟೋಪಿ ತೆಗೆದ.

ಸುದ್ದಿ ಮುಟ್ಟಿದ್ದೇ ಕಾರು ಮತ್ತೆ ಬಂತು. ಧಣಿಯ ಅಂಗಳದಲ್ಲಿ ಕುಣಿತದ ಮಟ್ಟು ಕೇಳಿದರು. ಆ ಕೈಗೆ ಬರುತ್ತಿದ್ದದ್ದು ಅಳುವ ಸ್ವರ ಒಂದೇ. "ಇದೇನೋ, ಹೆಣದ ಮುಂದಿನ ಹಾಡು!" ಎಂದು ಗ್ರೇಡಿ ಬೈದು ಅಟ್ಟಿದ.

ರೂಫಸ್ ನಡೆದೇ ಮನೆಗೆ ಬಂದ. "ನನ್ನ ಹಾಡಿಗೆ ಅವರಿಗೆ ಕುಣಿಯೋಕಾಗಲ್ವಂತೆ," ಎಂದ.

"ಒಳ್ಳೇದೇ ಆಯ್ತು ಬಿಡು," ಎಂದಳು ಓಡೆಸ್ಸಾ. ಹಂದಿಯ ಕೊಬ್ಬು ಬಿಸಿ ಮಾಡಿ ಅವನ ಬೆರಳಿಗೆ ತಿಕ್ಕತೊಡಗಿದಳು. ಕಿರುಬೆರಳು ಕೂಡ ಮಿಸುಕಲಿಲ್ಲ.